ಪೇಪರ್ ಬಾರದ ದಿನಗಳ ಸುದ್ದಿ

ಆ ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಯಾರು ಶುರುಮಾಡಿದರೋ ಗೊತ್ತಿಲ್ಲ, ಅವಳು ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮೇಷ್ಟ್ರುಗಳ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಅವಳ ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಎರಡು ಹೊಲಿಗೆ ಯಂತ್ರ, ಒಂದನ್ನು ಅಮ್ಮ ತುಳಿದರೆ ಇನ್ನೊಂದನ್ನು ಚಿಕ್ಕಮ್ಮ ತುಳಿಯುತ್ತಿದ್ದಳು. ಎರಡೂ ಒಟ್ಟಿಗೆ ಓಡುವಾಗ ಹಸಿವಾಗಿದೆ ಅಂತ ಹೇಳಬೇಕಾದರೂ ಗಂಟಲು ಏರಿಸಲೇಬೇಕು. ಹಾಗೆ ಏರಿದ ಗಂಟಲು ಮತ್ತೆ ಇಳಿಯಲೇ ಇಲ್ಲ.

ಆ ಗಂಟಲಿಗೆ ಶಾಲೆಯಲ್ಲಿ ಒಂದು ಕೆಲಸ ಸಿಕ್ಕಿತ್ತು. ಊರಾಚೆಯ ಆ ಹೈಸ್ಕೂಲಿನಲ್ಲಿ ಮೈಕ್ ಕೆಟ್ಟು ಎರಡು ವರ್ಷವಾಗಿತ್ತು. ಬೆಳಗಿನ ಅಸೆಂಬ್ಲಿಯಲ್ಲಿ ಯಾರು ವಾರ್ತೆ ಓದಿದರೂ ಮೂರನೇ ಸಾಲು ದಾಟುತ್ತಿರಲಿಲ್ಲ. ರೇಡಿಯೋ ಓದಿದರೆ ಮಾತ್ರ ಮೈದಾನದ ಆ ತುದಿಯಲ್ಲಿ ತಡವಾಗಿ ಬಂದು ನಿಂತವರಿಗೂ ಕೇಳುತ್ತಿತ್ತು. ಅದಕ್ಕೇ ಹೆಡ್ ಮೇಡಂ ಆ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು. ದಿನಾ ಮೊದಲ ಬಸ್ಸಿನ ಕಂಡಕ್ಟರ್ ಗೇಟಿನೊಳಗೆ ಪೇಪರ್ ಎಸೆದು ಹೋಗುತ್ತಿದ್ದ. ಅವಳು ಅದನ್ನೆತ್ತಿಕೊಂಡು ಐದು ಸುದ್ದಿ ಆರಿಸಿ, ಒಂದು ಹಾಳೆಗೆ ಇಳಿಸಿಕೊಂಡು, ಕಲ್ಲುಕಟ್ಟೆಯ ಮೇಲೆ ನಿಂತು ಓದುತ್ತಿದ್ದಳು.

ಹೊಳೆಯ ಹಳೇ ಸೇತುವೆಯನ್ನು ಬಿಚ್ಚಿ ಹೊಸದು ಕಟ್ಟುವ ಕೆಲಸ ಶುರುವಾಗಿ ಆರು ತಿಂಗಳಾಗಿತ್ತು. ಅಲ್ಲಿಯವರೆಗೆ ಒಂದು ಪಕ್ಕದಲ್ಲಿ ಬಸ್ಸಿಗೆ ದಾರಿ ಬಿಟ್ಟಿದ್ದರು. ಒಂದು ಸೋಮವಾರ ಅದನ್ನೂ ಮುಚ್ಚಿದರು. ಬಸ್ಸು ಸುತ್ತು ಹಾಕಿಕೊಂಡು ಮಧ್ಯಾಹ್ನ ಬರತೊಡಗಿತು, ಅದರ ಜೊತೆ ಪೇಪರೂ.

"ನಿನ್ನೇದನ್ನೇ ಓದಮ್ಮ," ಎಂದರು ಹೆಡ್ ಮೇಡಂ.

ಎರಡು ದಿನ ಅವಳು ಹಾಗೇ ಓದಿದಳು. ಹಳಸಿದ ಸುದ್ದಿಗೆ ಯಾರು ಕಿವಿಗೊಡುತ್ತಾರೆ? ಕ್ರಿಕೆಟ್ ಸ್ಕೋರು ಓದಿದಾಗ ಹತ್ತನೇ ಕ್ಲಾಸಿನವರು ಸಾಲಿನಲ್ಲೇ ಆಕಳಿಸಿದರು. ಮೂರನೇ ದಿನ ಹೆಡ್ ಮೇಡಂ ಮೀಟಿಂಗಿಗೆ ಹೋಗಿದ್ದರು. ರೇಡಿಯೋ ಕಟ್ಟೆ ಹತ್ತಿದಳು, ಕೈಯಲ್ಲಿದ್ದ ಹಾಳೆ ನೋಡಿದಳು, ಅದನ್ನು ಮಡಿಸಿ ಜೇಬಿಗಿಟ್ಟುಕೊಂಡಳು.

"ಶಾಲೆಯ ಸುದ್ದಿ," ಎಂದು ಶುರುಮಾಡಿದಳು. "ಎಂಟನೇ ಕ್ಲಾಸಿನ ಪಕ್ಕದ ನಲ್ಲಿ ಒಂದು ವರ್ಷದಿಂದ ಸೋರುತ್ತಿತ್ತು. ನಿನ್ನೆ ಸಂಜೆಯಿಂದ ಸೋರುತ್ತಿಲ್ಲ. ಸೈಕಲ್ ರಿಪೇರಿಯವರ ಮಗ, ಹತ್ತನೇ ಕ್ಲಾಸು, ಹಳೇ ಟ್ಯೂಬಿನ ತುಂಡು ಕತ್ತರಿಸಿ ಅದಕ್ಕೆ ವಾಷರ್ ಹಾಕಿದ್ದಾನೆ. ಎಂಟನೇ ಕ್ಲಾಸಿನ ಮೂವರು ಹುಡುಗಿಯರು ಉದ್ದ ಜಿಗಿತದ ಮರಳುಗುಂಡಿಯನ್ನು ಜರಡಿ ಹಿಡಿದು ಒಂದು ಬಕೆಟ್ ಕಲ್ಲು ತೆಗೆದಿದ್ದಾರೆ. ಗಂಟೆ ಬಾರಿಸುವ ಅಜ್ಜ ನಿನ್ನೆ ಊಟದ ಬೆಲ್ಲನ್ನು ನಾಲ್ಕು ನಿಮಿಷ ಮುಂಚೆ ಬಾರಿಸಿದರು. ಕಾರಣ ತಿಳಿದುಬಂದಿಲ್ಲ. ಈವರೆಗೆ ಯಾರೂ ದೂರು ಕೊಟ್ಟಿಲ್ಲ."

ಇಡೀ ಮೈದಾನ ಗೊಳ್ಳೆಂದಿತು. ಗಂಟೆಯ ಅಜ್ಜನೂ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡ.

ಮರುದಿನ ಹೆಡ್ ಮೇಡಂ ಆಫೀಸಿಗೆ ಕರೆಸಿದರು.

"ಯಾರನ್ನ ಕೇಳಿ ಓದಿದೆ?"

"ಯಾರನ್ನೂ ಇಲ್ಲ ಮೇಡಂ."

ಹೆಡ್ ಮೇಡಂ ಕಿಟಕಿಯಾಚೆಯ ನಲ್ಲಿಯತ್ತ ನೋಡಿದರು. ಆಮೇಲೆ, "ಆ ನಲ್ಲಿ ಸರಿಮಾಡಿಸಿ ಅಂತ ನಾನು ಆರು ಸಲ ಬರೆದಿದ್ದೆ," ಎಂದರು. "ನಾಳೆಯಿಂದ ಇದನ್ನೇ ಓದು. ಆದ್ರೆ ಒಂದು ಮಾತು. ಸುಳ್ಳು ಸೇರಿಸ್ಬಾರದು. ನೀನು ಕಣ್ಣಾರೆ ನೋಡಿರ್ಬೇಕು, ಇಲ್ಲಾ ನೋಡಿದವರನ್ನ ಕೇಳಿರ್ಬೇಕು."

ಅಲ್ಲಿಂದ ಮುಂದೆ ಶಾಲೆಯಲ್ಲಿ ಸುದ್ದಿಗೆ ಬರವೇ ಇರಲಿಲ್ಲ. ಲೈಬ್ರರಿಯ ಹರಿದ ಪುಸ್ತಕಗಳಿಗೆ ಇಬ್ಬರು ರಟ್ಟು ಹಾಕಿದರು. ನಾಲ್ಕು ಮೈಲಿ ನಡೆದು ಬರುವ ಅಣ್ಣತಂಗಿ ಒಂದು ದಿನವೂ ತಪ್ಪಿಸಿಲ್ಲ ಎಂಬುದು ಹಾಜರಿ ಪುಸ್ತಕದಿಂದ ಹೊರಬಿತ್ತು. ತನ್ನ ಹೆಸರೂ ಬರಲಿ ಎಂದು ಒಬ್ಬ ಎಲ್ಲರೆದುರು ಕಸದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮೈದಾನ ಸುತ್ತಿದ. ಅದನ್ನು ಮಾತ್ರ ರೇಡಿಯೋ ಓದಲಿಲ್ಲ, ಅವನೆಷ್ಟು ದುಂಬಾಲು ಬಿದ್ದರೂ. ಮನೆಗೆ ಹೋದರೆ ಅಮ್ಮ ಯಂತ್ರ ನಿಲ್ಲಿಸದೆಯೇ, "ಇವತ್ತು ಯಾರದ್ದೇ ಸುದ್ದಿ?" ಎಂದು ಕೇಳುವುದು ರೂಢಿಯಾಯಿತು.

ಆಗ ಬಂದದ್ದು ಹೊಸಬಳ ವಿಷಯ.

ಹೊಸಬಳು ಒಂಬತ್ತನೇ ಕ್ಲಾಸಿಗೆ ನಡುವರ್ಷದಲ್ಲಿ ಬಂದು ಸೇರಿದವಳು. ಅವಳ ಅಪ್ಪ ಸೇತುವೆಯ ಕಬ್ಬಿಣದ ಕೆಲಸದವನು, ಕಂಬಿಗಳನ್ನು ಅಳತೆಗೆ ಕತ್ತರಿಸಿ ಬಗ್ಗಿಸಿ ಕಟ್ಟುವವನು. ಸಂಸಾರ ಹೊಳೆದಂಡೆಯ ಶೆಡ್ಡಿನಲ್ಲಿತ್ತು. ಬಂದು ಎರಡು ತಿಂಗಳಾದರೂ ಅವಳು ಹೊಸಬಳಾಗಿಯೇ ಉಳಿದಿದ್ದಳು. ಕೊನೇ ಬೆಂಚಿನ ಕಿಟಕಿ ಪಕ್ಕ ಕೂರುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಊಹೂಂ. ರೇಡಿಯೋಳಂಥವಳಿಗೂ ಅವಳಿಂದ ನಾಲ್ಕು ಮಾತು ಹೊರಡಿಸಲು ಆಗಿರಲಿಲ್ಲ.

ಗಣಿತದ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಪ್ರತಿ ಶುಕ್ರವಾರ ಹೊರಡುವ ಮುಂಚೆ, ಇನ್ನೂ ಶುರುವಾಗದ ಪಾಠದಿಂದ ಒಂದು ಲೆಕ್ಕ ಬೋರ್ಡಿನ ಮೇಲೆ ಬರೆದು ಹೋಗುವರು. ಬಿಡಿಸಿದರೆ ಬಿಡಿಸಿ, ಇಲ್ಲದಿದ್ದರೆ ಸೋಮವಾರ ನಾನೇ ಹೇಳುತ್ತೇನೆ ಎನ್ನುವರು. ಯಾರೂ ಬಿಡಿಸುತ್ತಿರಲಿಲ್ಲ. ಆ ಶುಕ್ರವಾರದ ಲೆಕ್ಕ ಹೀಗಿತ್ತು: ಅರವತ್ತು ಅಡಿ ಅಗಲದ ಅಂಗಳದ ಈ ತುದಿಯಿಂದ ಆ ತುದಿಗೆ ಒಂದು ಹಗ್ಗ. ಅದು ಸ್ವಲ್ಪ ದೂರ ನೆಲದ ಮೇಲೆ ಹೋಗಿ, ನಲವತ್ತೈದು ಡಿಗ್ರಿ ಓರೆಯಲ್ಲಿ ಹತ್ತು ಅಡಿ ಎತ್ತರಕ್ಕೆ ಏರಿ, ಮೇಲೆ ಸಮನಾಗಿ ಹೋಗಿ, ಅದೇ ಓರೆಯಲ್ಲಿ ಇಳಿಯುತ್ತದೆ. ಹಗ್ಗದ ಉದ್ದವೆಷ್ಟು?

ಸೋಮವಾರ ರೇಡಿಯೋ ಸುದ್ದಿಗಾಗಿ ಬೇಗ ಬಂದಿದ್ದಳು. ಕ್ಲಾಸಿನ ಬಾಗಿಲಲ್ಲಿ ಹೊಸಬಳು ಎದುರಾದಳು. ಅವಳ ಬಲಗೈಯ ಬೆರಳುಗಳೆಲ್ಲ ಬೆಳ್ಳಗಿದ್ದವು. ಒಳಗೆ ಬೋರ್ಡಿನ ಕೆಳಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಉತ್ತರವಿತ್ತು: ಅರವತ್ತೆಂಟು ಅಡಿ ಮೂರೂವರೆ ಇಂಚು.

"ನೀನಾ ಬರೆದಿದ್ದು?"

ಹೊಸಬಳು ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು. "ಯಾರಿಗೂ ಹೇಳ್ಬೇಡ," ಎಂದಳು. "ನಿನ್ ದಮ್ಮಯ್ಯ."

"ಇಲ್ಲ ಬಿಡೇ," ಎಂದಳು ರೇಡಿಯೋ. ಹೇಳುವಾಗ ಅವಳಿಗೆ ನಿಜವಾಗಿಯೂ ಹೇಳಬಾರದೆಂದೇ ಇತ್ತು.

ಗಣಿತದ ಮೇಷ್ಟ್ರು ಬಂದು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಯಾರು ಬರೆದದ್ದು ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ರೇಡಿಯೋ ಮರುದಿನದ ಹಾಳೆಗೆ ಬೇರೆ ಸುದ್ದಿ ಬರೆದು ಬರೆದು ಹೊಡೆದುಹಾಕಿದಳು. ಇಂಥ ಸುದ್ದಿ ಕೈಗೆ ಸಿಕ್ಕಿ, ಮರಳುಗುಂಡಿಯ ಕಲ್ಲು ಎಣಿಸಿ ಓದುವುದೆಂದರೆ? ಮಂಗಳವಾರ ಬೆಳಿಗ್ಗೆ ಕಟ್ಟೆ ಹತ್ತಿದಾಗ ನಾಲಿಗೆ ತಾನಾಗಿ ತಿರುಗಿತು. ಮೇಲೊಂದು ಒಗ್ಗರಣೆಯೂ ಬಿತ್ತು.

"ಗಣಿತದ ಮೇಷ್ಟ್ರಿಗೇ ಎರಡು ದಿನ ತಲೆ ಕೆಡಿಸಿದ್ದ ಲೆಕ್ಕವನ್ನು ಒಂಬತ್ತನೇ ಕ್ಲಾಸಿನ ಹೊಸಬಳು ಒಂಟಿಯಾಗಿ ಬಿಡಿಸಿದ್ದಾಳೆ."

ಮೈದಾನ ನಕ್ಕಿತು, ಚಪ್ಪಾಳೆ ತಟ್ಟಿತು. ಇನ್ನೂರು ತಲೆಗಳು ಒಟ್ಟಿಗೆ ಒಂಬತ್ತನೇ ಕ್ಲಾಸಿನ ಸಾಲಿನತ್ತ ತಿರುಗಿದವು. ಗಣಿತದ ಮೇಷ್ಟ್ರ ಕಿವಿ ಕೆಂಪಾದದ್ದು ಕಟ್ಟೆಯ ಮೇಲಿಂದ ಕಾಣಿಸಿತು. ಆದರೆ ರೇಡಿಯೋ ನೋಡಿದ್ದು ಹೊಸಬಳ ಮುಖವನ್ನು. ಅದರಲ್ಲಿ ರಕ್ತವೇ ಇರಲಿಲ್ಲ. ಊಟದ ಬೆಲ್ಲಿನ ಹೊತ್ತಿಗೆ ಕಿಟಕಿ ಪಕ್ಕದ ಜಾಗ ಖಾಲಿಯಾಗಿತ್ತು. ಬುಧವಾರವೂ ಖಾಲಿ, ಗುರುವಾರವೂ.

ಗುರುವಾರ ಸಂಜೆ ಅಮ್ಮ ಎಂದಿನಂತೆ, ಇವತ್ತು ಯಾರದ್ದೇ ಸುದ್ದಿ, ಎಂದಳು. ರೇಡಿಯೋ ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು. ಅಮ್ಮ ಕಾಲು ಎತ್ತಿ ಯಂತ್ರ ನಿಲ್ಲಿಸಿದಳು. ಚಿಕ್ಕಮ್ಮನೂ ನಿಲ್ಲಿಸಿದಳು. ಆ ಮನೆಯಲ್ಲಿ ಅಷ್ಟು ನಿಶ್ಶಬ್ದವಾದದ್ದೇ ಅಪರೂಪ. ಎಲ್ಲವನ್ನೂ ಹೇಳಿ ಮುಗಿಸಿದಾಗ ಅಮ್ಮ ಒಂದೇ ಕೇಳಿದಳು.

"ಅವಳು ಬೇಡ ಅಂದಿದ್ಲಾ?"

"ಹೂಂ. ಆದ್ರೆ ಅಮ್ಮ, ನಾನು ಹೇಳಿದ್ದು ಒಳ್ಳೇದೇ ಅಲ್ವಾ? ಬೈದಿಲ್ವಲ್ಲ?"

ಅಮ್ಮ ಮೇಜಿನ ಮೇಲಿದ್ದ ಅಳತೆ ಪುಸ್ತಕವನ್ನು ತೋರಿಸಿದಳು. "ಈ ಊರಿನ ಅರ್ಧ ಜನದ ಸೊಂಟದ ಸುತ್ತಳತೆ ಇದರಲ್ಲಿದೆ. ಸಣ್ಣಗಿರೋರದ್ದೂ ಇದೆ, ಅದು ಅವರಿಗೆ ಹೆಮ್ಮೇನೇ ಇರಬಹುದು. ಹಾಗಂತ ನಾನು ಬೀದೀಲಿ ನಿಂತು ಓದ್ತೀನಾ?"

ಚಿಕ್ಕಮ್ಮ ನಗು ತಡೆಯಲು ದಾರ ಕಚ್ಚಿದಳು. ರೇಡಿಯೋಗೆ ನಗು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಗಣಿತದ ಮೇಷ್ಟ್ರು ಮೂರು ದಿನದಿಂದ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಸಾರ್, ಎರಡು ದಿನ ತಲೆ ಕೆಡ್ತು ಅನ್ನೋದು ಸುಳ್ಳು. ನಾನೇ ಸೇರಿಸಿದ್ದು."

"ಗೊತ್ತು. ಆ ಲೆಕ್ಕ ಕಟ್ಟಿದ್ದೇ ನಾನು," ಎಂದರು ಮೇಷ್ಟ್ರು ತಲೆ ಎತ್ತದೆ. ಆಮೇಲೆ ಪೆನ್ನು ಕೆಳಗಿಟ್ಟರು. "ಈಗ ಮಾತ್ರ ನಿಜವಾಗ್ಲೂ ತಲೆ ಕೆಡ್ತಿದೆ. ಅವಳಿಗೆ ಆ ಪಾಠಾನೇ ಆಗಿಲ್ಲ. ಉತ್ತರ ಇಂಚಲ್ಲಿ ಬರೆದಿದ್ದಾಳೆ. ಎಲ್ಲಿಂದ ಬಂತು ಅದು?"

ಹೆಡ್ ಮೇಡಂಗೂ ವಿಷಯ ಗೊತ್ತಾಯಿತು. ಅವರು ಬೀರು ತೆಗೆದು ಒಂದು ತೆಳ್ಳನೆಯ ಫೈಲು ತೆಗೆದರು. ಹೊಸಬಳಿಗೆ ಹಿಂದಿನ ಶಾಲೆಯ ಟಿ.ಸಿ. ಇರಲಿಲ್ಲ. ಅಲ್ಲಿಂದ ತರಿಸುತ್ತೇನೆ ಎಂದು ಸೇರಿಸಿಕೊಂಡಿದ್ದರು. ಎರಡು ಸಲ ಪತ್ರ ಬರೆದಿದ್ದರು, ಉತ್ತರ ಬಂದಿರಲಿಲ್ಲ. "ಅದಕ್ಕೇ ಹೆದರಿದ್ಲೋ ಏನೋ," ಎಂದರು. "ನಾನಾದ್ರೂ ಕರೆದು ಒಂದು ಮಾತು ಹೇಳ್ಬಹುದಿತ್ತು. ಹೇಳ್ಲಿಲ್ಲ."

ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಸ್ಕೂಟರ್ ತೆಗೆಯಲಿಲ್ಲ. ಅವರೂ ರೇಡಿಯೋಳೂ ಹೊಸಬಳ ಶೆಡ್ಡಿನತ್ತ ನಡೆದೇ ಹೊರಟರು. ಕಾಲು ಗಂಟೆಯ ದಾರಿಯುದ್ದಕ್ಕೂ ರೇಡಿಯೋ ಬಾಯಿ ಬಿಡಲಿಲ್ಲ. ಅದನ್ನು ಗಮನಿಸಿದ ಮೇಷ್ಟ್ರು, "ಬ್ಯಾಟರಿ ಮುಗೀತಾ?" ಎಂದು ಕೇಳಿದರು. ಅವರು ತಮಾಷೆ ಮಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಹೊಳೆದಂಡೆಯಲ್ಲಿ ತಗಡಿನ ಶೆಡ್ಡುಗಳ ಎದುರು ಉದ್ದನೆಯ ಮರದ ಹಲಗೆಯೊಂದಿತ್ತು. ಅದರ ತುಂಬ ದಪ್ಪ ಮೊಳೆಗಳು. ಹೊಸಬಳ ಅಪ್ಪ ಆ ಮೊಳೆಗಳ ನಡುವೆ ಕಂಬಿ ಸಿಕ್ಕಿಸಿ, ಕೊಳವೆಯ ಹಿಡಿ ಹಾಕಿ, ಮೈಭಾರ ಬಿಟ್ಟು ಬಗ್ಗಿಸುತ್ತಿದ್ದ. ಪಕ್ಕದಲ್ಲಿ ಹೊಸಬಳು ಟೇಪು ಹಿಡಿದು, ಸೀಮೆಸುಣ್ಣದಿಂದ ಕಂಬಿಯ ಮೇಲೆ ಗುರುತು ಹಾಕುತ್ತಿದ್ದಳು. ಇವರನ್ನು ನೋಡಿದ್ದೇ ಶೆಡ್ಡಿನೊಳಗೆ ಹೋಗಲು ಎದ್ದಳು.

"ಇವಳೇನಾದ್ರೂ ತಪ್ಪು ಮಾಡಿದ್ಲಾ ಸಾರ್?" ಎಂದ ಅಪ್ಪ, ಕೈ ಒರೆಸಿಕೊಳ್ಳುತ್ತ.

"ಇಲ್ಲಪ್ಪ. ಸರಿ ಮಾಡಿದ್ದಾಳೆ. ಹೇಗೆ ಮಾಡಿದ್ಲು ಅಂತ ಕೇಳೋಕೆ ಬಂದೆ."

ಹೊಸಬಳು ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ. ಅವಳು ಕುಕ್ಕರಗಾಲಲ್ಲಿ ಕೂತು ನೆಲದ ಮರಳನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

"ಕಂಬಿ ಓರೆಯಾಗಿ ಮೇಲೆ ಹೋದ್ರೆ ಉದ್ದ ಜಾಸ್ತಿ ಬೇಕು ಸಾರ್. ಅಪ್ಪ ಹತ್ತಕ್ಕೆ ನಾಲ್ಕು ಜಾಸ್ತಿ ಅಂತ ಲೆಕ್ಕ ಹಾಕ್ತಾರೆ. ಆದ್ರೆ ಕಂಬಿ ದೊಡ್ಡದಾದಾಗ ಚೂರು ಸಾಲ್ತಾ ಇರ್ಲಿಲ್ಲ. ಅದ್ಯಾಕೆ ಅಂತ..." ಅವಳು ಕಡ್ಡಿಯಿಂದ ಒಂದು ಚೌಕ ಬರೆದಳು, ಮೂಲೆಯಿಂದ ಮೂಲೆಗೆ ಗೆರೆ ಎಳೆದಳು, ಆ ಗೆರೆಯ ಮೇಲೆ ಇನ್ನೊಂದು ದೊಡ್ಡ ಚೌಕ ಕಟ್ಟಿದಳು. "ಈ ದೊಡ್ಡದರಲ್ಲಿ ಚಿಕ್ಕದರ ಎರಡು ಹಿಡಿಯತ್ತೆ. ತ್ರಿಕೋನ ಕತ್ತರಿಸಿಟ್ರೆ ಗೊತ್ತಾಗತ್ತೆ. ಹತ್ತು ಹತ್ಲಿ ನೂರು, ಇದು ಇನ್ನೂರು. ಹದಿನಾಲ್ಕು ಹದಿನಾಲ್ಕ್ಲಿ ನೂರ ತೊಂಬತ್ತಾರು. ಹಾಗಾದ್ರೆ ಹದಿನಾಲ್ಕಕ್ಕಿಂತ ಚೂರು ಮೇಲೆ. ಆಮೇಲೆ ಟೇಪಲ್ಲಿ ನೋಡಿದೆ. ಹದಿನಾಲ್ಕು ಅಡಿ ಒಂದೂ ಮುಕ್ಕಾಲು ಇಂಚು."

ಗಣಿತದ ಮೇಷ್ಟ್ರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮರಳಿನ ಮೇಲೆ ಕೂತುಬಿಟ್ಟರು. ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು ಚೌಕದ ಮೇಲೆ ಮತ್ತೊಮ್ಮೆ ಗೆರೆ ಎಳೆದರು. "ನಾನು ಹದಿನೇಳು ವರ್ಷದಿಂದ ಇದನ್ನ ಸೂತ್ರ ಬರೆಸಿ ಕಂಠಪಾಠ ಮಾಡಿಸ್ತಾ ಇದೀನಿ," ಎಂದರು, ಯಾರಿಗೆ ಹೇಳುತ್ತಿದ್ದಾರೆಂಬುದು ತಿಳಿಯದಂತೆ.

ಆಮೇಲೆ ಮಾತು ಮೆಲ್ಲಗೆ ಹೊರಬಂತು. ಹಿಂದಿನೊಂದು ಊರಿನ ಶಾಲೆಯಲ್ಲೂ ಹೀಗೇ ಆಗಿತ್ತಂತೆ. ಲೆಕ್ಕ ಚೆನ್ನಾಗಿ ಮಾಡುತ್ತಾಳೆಂದು ಬಹುಮಾನಕ್ಕೆ ಹೆಸರು ಕಳಿಸಲು ಹೋದಾಗ ಕಾಗದಪತ್ರ ಕೇಳಿದರು. ಇಲ್ಲವೆಂದು ಗೊತ್ತಾಗಿ, ಏಳನೇ ಕ್ಲಾಸಿನವಳನ್ನು ಎರಡು ತಿಂಗಳು ಐದನೆಯವರ ಜೊತೆ ಕೂರಿಸಿದರು. "ಗೊತ್ತಾಗದೇ ಇದ್ರೆ ಓದೋಕೆ ಬಿಡ್ತಾರೆ," ಎಂದಳು ಹೊಸಬಳು. "ಗೊತ್ತಾದ್ರೆ ಕೇಳ್ತಾರೆ."

"ಹೆಡ್ ಮೇಡಂಗೆ ಮೊದಲಿಂದ್ಲೂ ಗೊತ್ತಿದೆ," ಎಂದರು ಮೇಷ್ಟ್ರು. "ಕಾಗದ ತರ್ಸೋದು ನಮ್ಮ ಕೆಲಸ. ನಿಂದಲ್ಲ. ನೀನು ಸೋಮವಾರ ಬಾ."

ಅಪ್ಪ ಹಿಡಿಯನ್ನು ಹಲಗೆಗೆ ಒರಗಿಸಿದ. "ಎಷ್ಟು ಊರು ತಿರುಗಿದೀವಿ ಸಾರ್. ನಮ್ಮ ಹತ್ರ ಯಾರೂ ನಡ್ಕೊಂಡು ಬಂದಿರ್ಲಿಲ್ಲ," ಎಂದ.

ರೇಡಿಯೋ ಇಷ್ಟೂ ಹೊತ್ತು ಕಂಬಿ ಕಟ್ಟುವ ತಂತಿಯ ಸುರುಳಿಯ ಪಕ್ಕದಲ್ಲಿ ನಿಂತಿದ್ದಳು. "ತಪ್ಪಾಯ್ತು ಕಣೇ," ಎಂದಳು. ಸ್ವರ ಅವಳದ್ದೇ ಎನಿಸದಷ್ಟು ಸಣ್ಣಗಿತ್ತು.

ಹೊಸಬಳು ಕೂಡಲೇ ಕರಗಲಿಲ್ಲ. "ನಿಂಗೆ ಹೇಳೋ ಬದ್ಲು ಆ ಬೋರ್ಡಿನ ತುಂಬ ದೊಡ್ಡದಾಗಿ ಬರೆದಿದ್ರೇ ಆಗ್ತಿತ್ತು," ಎಂದಳು. ಅದುವರೆಗೆ ಅವಳು ರೇಡಿಯೋ ಜೊತೆ ಆಡಿದ ಅತಿ ಉದ್ದನೆಯ ಮಾತು ಅದು.

ಸೋಮವಾರ ಕಟ್ಟೆಯ ಮೇಲಿಂದ ಮೊದಲು ಬಂದದ್ದು ತಿದ್ದುಪಡಿ. "ಕಳೆದ ಮಂಗಳವಾರದ ಸುದ್ದಿಯಲ್ಲಿ ಗಣಿತದ ಮೇಷ್ಟ್ರ ಬಗ್ಗೆ ಹೇಳಿದ್ದು ಸುಳ್ಳು. ಅದನ್ನು ಸೇರಿಸಿದ್ದು ನಾನು. ಸಂಬಂಧಪಟ್ಟವರನ್ನು ಕೇಳದೆ ಓದಿದ್ದೂ ತಪ್ಪು. ಇನ್ನು ಮುಂದೆ ಕೇಳಿಯೇ ಓದುತ್ತೇನೆ." ಮುಖ ಹುಳ್ಳಗೆ ಮಾಡಿಕೊಂಡು ಇಳಿದಳು. ಕಿಟಕಿ ಪಕ್ಕದ ಜಾಗ ಆ ದಿನ ತುಂಬಿತ್ತು.

ಹೆಡ್ ಮೇಡಂ ನಾಲ್ಕು ಶಾಲೆಗಳಿಗೆ ಹೊಸದಾಗಿ ಪತ್ರ ಬರೆದರು. ಎರಡರಿಂದ ಉತ್ತರ ಬಂತು. ಅವಳು ಕೊನೆಗೆ ಓದಿದ್ದ ಶಾಲೆಯ ಗುಮಾಸ್ತ ಫೋನು ಎತ್ತುವ ಲಕ್ಷಣವೇ ಕಾಣದಿದ್ದಾಗ ಗಣಿತದ ಮೇಷ್ಟ್ರು ರಜೆ ಹಾಕಿ ಸ್ಕೂಟರಿನಲ್ಲಿ ಹೋಗಿ, ಸಂಜೆಯವರೆಗೆ ಅಲ್ಲೇ ಬೆಂಚಿನ ಮೇಲೆ ಕೂತು, ಟಿ.ಸಿ. ಕೈಯಲ್ಲಿ ಹಿಡಿದೇ ಬಂದರು. ಈ ಸುದ್ದಿ ಓದಲೇ ಎಂದು ರೇಡಿಯೋ ಕೇಳಿದಳು. ಹೊಸಬಳು ಒಂದು ದಿನ ಯೋಚಿಸಿ, ಬೇಡ ಎಂದಳು. ರೇಡಿಯೋ ಓದಲಿಲ್ಲ. ಅಷ್ಟು ಕಷ್ಟದ ಇನ್ನೊಂದು ಕೆಲಸವನ್ನು ತಾನು ಮಾಡಿಲ್ಲವೆಂದು ಅಮ್ಮನ ಹತ್ತಿರ ಹೇಳಿಕೊಂಡಳು.

ಜಿಲ್ಲೆಯ ಗಣಿತ ಸ್ಪರ್ಧೆಗೆ ಆ ಶಾಲೆಯಿಂದ ಅದುವರೆಗೆ ಯಾರೂ ಹೋಗಿರಲಿಲ್ಲ. ಆ ವರ್ಷ ಅರ್ಜಿ ಹೋಯಿತು. ಒಂದೂವರೆ ತಿಂಗಳು, ಶಾಲೆ ಬಿಟ್ಟ ಮೇಲೆ ಒಂದೊಂದು ಗಂಟೆ, ಮೇಷ್ಟ್ರು ಮತ್ತು ಹೊಸಬಳು ಬೋರ್ಡಿನ ಮುಂದೆ ಜಗಳವಾಡಿದರು. ಮೇಷ್ಟ್ರು ಸೂತ್ರದಿಂದ ಬರುತ್ತಿದ್ದರು, ಇವಳು ಕಂಬಿಯಿಂದ. ಇಬ್ಬರೂ ಒಂದೇ ಉತ್ತರಕ್ಕೆ ಬಂದಾಗ ಮೇಷ್ಟ್ರು ಹುಡುಗರಂತೆ ಅಂಗೈ ಉಜ್ಜಿಕೊಳ್ಳುತ್ತಿದ್ದರು.

ಹೋಗುವ ಹಿಂದಿನ ದಿನ ಹೊಸಬಳು ತಾನಾಗಿಯೇ ರೇಡಿಯೋಳ ಬೆಂಚಿಗೆ ಬಂದಳು. "ನೀನೂ ಬಾ. ಅಲ್ಲಿ ಆಫೀಸ್ ಜನ ಏನಾದ್ರೂ ಕೇಳಿದ್ರೆ ನಂಗೆ ಬಾಯಿ ಬರಲ್ಲ."

ಹೆದರಿದಂತೆಯೇ ಆಯಿತು. ಸ್ಪರ್ಧೆಯ ದೊಡ್ಡ ಶಾಲೆಯ ಬಾಗಿಲಲ್ಲಿ ಪಟ್ಟಿ ಹಿಡಿದು ಕೂತಿದ್ದವನು, ಮೇಷ್ಟ್ರು ಸ್ಕೂಟರ್ ನಿಲ್ಲಿಸಿ ಬರುವುದರೊಳಗೆ, "ಎಷ್ಟನೇ ಕ್ಲಾಸು? ಇದಕ್ಕೆ ಮುಂಚೆ ಯಾವ ಶಾಲೆ? ಕಾಗದ ಎಲ್ಲಿ?" ಎಂದು ಶುರುಮಾಡಿದ. ರೇಡಿಯೋ ಬಾಯಿ ತೆರೆದಳು. ಅಷ್ಟರಲ್ಲಿ ಹೊಸಬಳು ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರಿಂದ ಟಿ.ಸಿ.ಯ ಪ್ರತಿ ತೆಗೆದು, ಅವನ ಮುಂದೆ ಬಿಡಿಸಿಟ್ಟಳು. "ಒಂಬತ್ತನೇ ಕ್ಲಾಸು," ಎಂದಳು. "ಇಲ್ಲಿ ಬರೆದಿದೆ ನೋಡಿ ಸಾರ್." ಅವನು ನೋಡಿದ, ಟಿಕ್ ಹಾಕಿದ. ರೇಡಿಯೋ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು.

ಫಲಿತಾಂಶ ಮೂರು ವಾರಕ್ಕೆ ಬಂತು. ಜಿಲ್ಲೆಗೆ ನಾಲ್ಕನೆಯವಳು. ಮೊದಲ ಮೂವರು ಮಾತ್ರ ಮುಂದಿನ ಹಂತಕ್ಕೆ. ಹೆಡ್ ಮೇಡಂ ಸಿಹಿ ತರಿಸಿದರು, ಗಣಿತದ ಮೇಷ್ಟ್ರು ಮಾತ್ರ ಅರ್ಧ ಅಂಕಕ್ಕೆ ಹೋಯಿತೆಂದು ಇಡೀ ದಿನ ಗೊಣಗಿದರು.

"ಹೇಗೆ ಓದ್ಲಿ?" ಎಂದು ರೇಡಿಯೋ ಕೇಳಿದಳು. "ಜಿಲ್ಲೆಯ ಮೊದಲ ಐವರಲ್ಲಿ ಒಬ್ಬಳು ಅಂದ್ರೆ ಕೇಳೋಕೆ ಚೆನ್ನಾಗಿರತ್ತೆ. ಸುಳ್ಳೂ ಅಲ್ಲ."

"ನಾಲ್ಕನೇದು ಅಂತಾನೇ ಓದು," ಎಂದಳು ಹೊಸಬಳು. "ಬಂದಿದ್ದು ಅದೇ ತಾನೇ. ಮುಂದಿನ ವರ್ಷ ಬೇರೆ ನಂಬರ್ ಓದುವಂತೆ."

ಆ ಮಾತು ರೇಡಿಯೋಳ ಕಿವಿಯಲ್ಲಿ ಉಳಿಯಿತು. ಮುಂದಿನ ವರ್ಷ ಎಂದು ಹೊಸಬಳು ಹೇಳಿದ್ದಳು. ಆದರೆ ಸೇತುವೆ ಮುಗಿಯುತ್ತ ಬಂದಿತ್ತು.

ಅದೂ ಇತ್ಯರ್ಥವಾದದ್ದು ಹೊಳೆದಂಡೆಯಲ್ಲೇ. ಕಂಟ್ರಾಕ್ಟರನ ಮುಂದಿನ ಕೆಲಸ ಬಹಳ ದೂರದಲ್ಲಿತ್ತು. ಹೆಡ್ ಮೇಡಂ ಪಕ್ಕದ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಜಾಗ ಕೇಳಿಟ್ಟಿದ್ದರು. ಸಿಕ್ಕಿದರೆ ಹತ್ತನೇ ಕ್ಲಾಸು ಇದೇ ಶಾಲೆಯಲ್ಲಿ ಮುಗಿಸಬಹುದು. ಹೊಸಬಳ ಅಮ್ಮ ಎರಡು ದಿನ ಅತ್ತಳು. ಮಗಳನ್ನು ಒಂದು ದಿನಕ್ಕೂ ಬಿಟ್ಟಿದ್ದವಳಲ್ಲ. ಅಪ್ಪ ಮಾತ್ರ, "ಅವಳನ್ನೇ ಕೇಳಿ. ನಾನು ಓದಿದವನಲ್ಲ," ಎಂದ. ಹೊಸಬಳು ಅಮ್ಮನ ಪಕ್ಕ ಕೂತು ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದಳು. ಆಮೇಲೆ ಉಳಿಯುತ್ತೇನೆ ಎಂದಳು. ರಜೆ ಸಿಕ್ಕಾಗಲೆಲ್ಲ ಬರುತ್ತೇನೆ, ನೀವೆಲ್ಲಿದ್ದರೆ ಅಲ್ಲಿಗೆ. ವಾರದೊಳಗೆ ಹಾಸ್ಟೆಲಿನ ಜಾಗವೂ ಖಾತ್ರಿಯಾಯಿತು.

ಸಂಸಾರದ ಸಾಮಾನು ಹೊತ್ತ ಲಾರಿ ಹೊರಟದ್ದು ಒಂದು ಬುಧವಾರ ಬೆಳಿಗ್ಗೆ. ಹೊಸಬಳು ಯೂನಿಫಾರಂನಲ್ಲೇ ಬೀಳ್ಕೊಡಲು ಹೋದಳು, ಜೊತೆಗೆ ರೇಡಿಯೋ. ಅಪ್ಪ ಲಾರಿ ಹತ್ತುವ ಮುಂಚೆ ಸೊಂಟದಿಂದ ತನ್ನ ಅಳತೆ ಟೇಪು ತೆಗೆದು ಮಗಳ ಕೈಗಿಟ್ಟ. ಅವಳು ಬೇಡವೆಂದಳು. "ಹೊಸದು ತಗೋತೀನಿ ಬಿಡು," ಎಂದ. ಲಾರಿ ಹೊಸ ಸೇತುವೆಯ ಮೇಲೇರಿ ಆ ಬದಿ ಇಳಿದು ಕಣ್ಮರೆಯಾಗುವವರೆಗೆ ಇಬ್ಬರೂ ನಿಂತಿದ್ದರು. ಹೊಸಬಳ ಕಣ್ಣಲ್ಲಿ ನೀರಿತ್ತು. ರೇಡಿಯೋ ಅವಳ ಚೀಲವನ್ನು ತಾನು ಎತ್ತಿಕೊಂಡಳು.

ಸ್ವಲ್ಪ ದೂರ ನಡೆದ ಮೇಲೆ ಹೊಸಬಳೇ ಮಾತಾಡಿದಳು. "ನಿಮ್ಮಮ್ಮ ಹಾಸ್ಟೆಲ್ಲಿಗೆ ಹಾಕ್ಕೊಳ್ಳೋಕೆ ಒಂದು ಫ್ರಾಕ್ ಹೊಲಿದುಕೊಡ್ತಾರಾ?"

"ಕೇಳ್ಬೇಕಾ? ಸಂಜೆ ಬಾ, ಅಳತೆ ತಗೋತಾಳೆ," ಎಂದಳು ರೇಡಿಯೋ. "ಸ್ವಲ್ಪ ಜೋರಾಗಿ ಮಾತಾಡ್ಬೇಕು ಅಷ್ಟೆ. ನಮ್ಮನೇಲಿ ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳ್ಸಲ್ಲ."

"ಕಲೀತೀನಿ," ಎಂದಳು ಹೊಸಬಳು, ಚೀಲದ ಇನ್ನೊಂದು ಪಟ್ಟಿಗೆ ಕೈ ಹಾಕುತ್ತ.